ಪೈರೈಟ್

ಪೈರೈಟ್ ಕಬ್ಬಿಣ ಮತ್ತು ಗಂಧಕಗಳಿಂದಾದ ಒಂದು ಸಲ್ಫೈಡ್ ಖನಿಜ. ಹಿತ್ತಾಳೆಯಂಥ ತಿಳಿಹಳದಿ ಬಣ್ಣ ಹಾಗೂ ಲೋಹದ ಹೊಳಪಿನಿಂದಾಗಿ ಇದನ್ನು ಚಿನ್ನವೆಂದು ಭ್ರಮಿಸುವುದುಂಟು. ಆದ್ದರಿಂದ ಇದನ್ನು ‘ಮೂರ್ಖರ ಚಿನ್ನ’ ಎಂದೂ ಕರೆಯುತ್ತಾರೆ. ಉಕ್ಕಿನಿಂದ ಬಡಿದಾಗ ಕಿಡಿ ಸಿಡಿಯುವ ಈ ಖನಿಜದ ಹೆಸರಿಗೆ ಬೆಂಕಿ ಎಂಬರ್ಥದ ಗ್ರೀಕ್ ಪದವೇ ಮೂಲ.

ಗುರುತಿಸುವಿಕೆ

ಖನಿಜವನ್ನು ಬಣ್ಣವೊಂದರಿಂದಲೇ ನಿರ್ಧರಿಸಲಾಗದು. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಗೆ ಉಜ್ಜಿದಾಗ ಪೈರೈಟ್ ಹಸಿರು ಛಾಯೆಯ ಕಪ್ಪು ಗೆರೆಯನ್ನೂ ಚಿನ್ನ ಹಳದಿ ಗೆರೆಯನ್ನೂ ಮೂಡಿಸುತ್ತವೆ. ಮೋಹ್ಸ್ ಮಾಪಕದಲ್ಲಿ ಪೈರೈಟಿನ ಕಾಠಿಣ್ಯ 6–6.5, ಚಿನ್ನದ್ದು 2.5–3. ಇವುಗಳ ಸಾಪೇಕ್ಷ ಸಾಂದ್ರತೆ ಕ್ರಮವಾಗಿ ಸುಮಾರು 5 ಮತ್ತು 19.3. ಸುತ್ತಿಗೆಯಿಂದ ಬಡಿದರೆ ಪೈರೈಟ್ ಪುಡಿಯಾಗುತ್ತದೆ, ಚಿನ್ನ ತಗಡಾಗುತ್ತದೆ. ಪೈರೈಟಿನ ಹರಳುಗಳು ಹೆಚ್ಚಾಗಿ ಘನಾಕೃತಿಯಲ್ಲಿದ್ದು, ಮುಖಗಳ ಮೇಲೆ ಸಮಾಂತರ ಗೀರುಗಳಿರುತ್ತವೆ.

ಆದರೂ ಕೆಲವು ನಿಕ್ಷೇಪಗಳ ಪೈರೈಟಿನೊಳಗೆ ಸೂಕ್ಷ್ಮ ಪ್ರಮಾಣದಲ್ಲಿ ಚಿನ್ನ ಅಡಗಿರುವುದರಿಂದ, ಅಂಥದನ್ನು ಚಿನ್ನದ ಅದಿರಾಗಿಯೂ ಸಂಸ್ಕರಿಸಲಾಗುತ್ತದೆ.