ಬಣ್ಣಗಾಜಿನ ಕಿಟಕಿ: ಓದಿಗೋ, ಬೆಳಕಿಗೋ?

ಯುರೋಪಿನ ಮಧ್ಯಯುಗದ ಚರ್ಚುಗಳ ಬಣ್ಣಗಾಜಿನ ಕಿಟಕಿಗಳನ್ನು ‘ಅನಕ್ಷರಸ್ಥರ ಬೈಬಲ್’ ಎಂದು ಕರೆಯುವುದು ವಾಡಿಕೆ. ಈ ಮಾತಿಗೆ ಆಧಾರವಾಗಿ ಸಾಮಾನ್ಯವಾಗಿ ಉಲ್ಲೇಖಿಸುವುದು ಪೋಪ್ ಮೊದಲನೆಯ ಗ್ರೆಗರಿ ಕ್ರಿ.ಶ. 600ರ ಸುಮಾರಿಗೆ ಮಾರ್ಸೇಲ್ಸಿನ ಬಿಷಪ್ ಸೆರೆನಸ್‌ನಿಗೆ ಬರೆದ ಪತ್ರವನ್ನು. ಚರ್ಚಿನ ಚಿತ್ರಗಳನ್ನು ನಾಶಪಡಿಸಿದ್ದ ಸೆರೆನಸ್‌ನನ್ನು ಆಕ್ಷೇಪಿಸಿ, ಅಕ್ಷರ ಬಲ್ಲವರಿಗೆ ಗ್ರಂಥ ಹೇಗೋ ಬಾರದವರಿಗೆ ಚಿತ್ರ ಹಾಗೆ ಎಂದು ಗ್ರೆಗರಿ ವಾದಿಸಿದ. ಅವನ ಮನಸ್ಸಿನಲ್ಲಿದ್ದುದು ಗಾಜಲ್ಲ. ಕಥೆ ಹೇಳುವ ಬೃಹತ್ ಕಿಟಕಿಗಳು ರೂಪುಗೊಂಡದ್ದು ಐದು ಶತಮಾನಗಳ ತರುವಾಯ.

ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದ ಅಧಿಪತಿ ಸೂಜೆರ್ 1144ರಲ್ಲಿ ಪ್ರತಿಷ್ಠಾಪಿಸಿದ ಗರ್ಭಭಾಗದಲ್ಲಿ ಗೋಡೆಯ ಬಹುಭಾಗವನ್ನು ಗಾಜೇ ಆಕ್ರಮಿಸಿತು. ಕಣ್ಣಿಗೆ ಕಾಣುವ ಬೆಳಕಿನಿಂದ ಕಾಣದ ಬೆಳಕಿನೆಡೆಗೆ ಮನಸ್ಸು ಏರಬೇಕೆಂಬುದು ಅವನ ಆಶಯ. ಅವನೇ ವಿವರಿಸಿರುವ ಒಂದು ಕಿಟಕಿಯಲ್ಲಿ ಪ್ರವಾದಿಗಳು ಧಾನ್ಯದ ಚೀಲಗಳನ್ನು ಹೊತ್ತು ತರುತ್ತಾರೆ, ಸಂತ ಪೌಲ ಬೀಸುವ ಕಲ್ಲನ್ನು ತಿರುಗಿಸುತ್ತಾನೆ. ಮೋಶೆಯ ಧರ್ಮಶಾಸ್ತ್ರದ ತೌಡು ಕಳೆದು ಒಳಾರ್ಥದ ಹಿಟ್ಟು ಉಳಿಯುತ್ತದೆ. ಇದಕ್ಕೆ ವಿವರಣೆಯಾಗಿ ಲ್ಯಾಟಿನ್ ಪದ್ಯ ಬೇರೆ! ಹೊಲದಿಂದ ಬಂದ ರೈತನಿಗೆ ಇದು ತಾನಾಗಿ ತಿಳಿಯುವಂಥದಲ್ಲ.

ಶಾರ್ತ್ರದ ಕೆಥೆಡ್ರಲ್ಲಿನಲ್ಲೂ ಸ್ಥಿತಿ ಹೀಗೆಯೇ. 1194ರ ಬೆಂಕಿಯ ಅನಂತರ ಕಟ್ಟಿದ ಈ ಚರ್ಚಿನ ‘ಒಳ್ಳೆಯ ಸಮಾರಿಯದವನ’ ಕಿಟಕಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ಚಮ್ಮಾರರು, ಅವರ ಮೇಲೆ ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡ ದಾರಿಹೋಕನ ಕಥೆ, ಅದು ಮುಗಿಯುತ್ತಲೇ ಆದಾಮ ಮತ್ತು ಹವ್ವಳ ಪತನ. ದಾರಿಹೋಕನೆಂದರೆ ಪಾಪದಿಂದ ಜರ್ಜರಿತನಾದ ಮಾನವ, ಉಪಚರಿಸಿದವನು ಕ್ರಿಸ್ತ ಎಂಬ ವ್ಯಾಖ್ಯಾನವನ್ನು ಮೊದಲೇ ಕೇಳಿದವನಿಗೆ ಮಾತ್ರ ಎರಡು ಕಥೆಗಳೂ ಬೆಸೆದುಕೊಳ್ಳುತ್ತವೆ. ಕಿಟಕಿ ಪ್ರವಚನವನ್ನು ನೆನಪಿಸುತ್ತಿತ್ತು. ಪ್ರವಚನದ ಸ್ಥಾನವನ್ನು ತುಂಬುತ್ತಿರಲಿಲ್ಲ. ಇನ್ನು ಮೇಲಂತಸ್ತಿನ ಕಿಟಕಿಗಳಲ್ಲಿ ಒಬ್ಬೊಬ್ಬರೇ ಸಂತರ ಭಾರಿ ಆಕೃತಿಗಳಿವೆ. ಅಷ್ಟು ಎತ್ತರದಲ್ಲಿ ಸಣ್ಣ ಕಥಾಚಿತ್ರಗಳು ಕಾಣಲಾರವೆಂಬುದನ್ನು ಕುಶಲಕರ್ಮಿಗಳು ಚೆನ್ನಾಗಿ ಬಲ್ಲವರಾಗಿದ್ದರು.

ತಂತ್ರವೂ ಬೆಳಕನ್ನೇ ಅವಲಂಬಿಸಿದೆ. ಮರಳು ಮತ್ತು ಮರದ ಬೂದಿಯನ್ನು ಕರಗಿಸುವಾಗಲೇ ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಕೆಂಪು ಗಾಜಿನೊಳಗೇ ಸೇರುತ್ತವೆ. ಮುಖ, ಮಡಿಕೆಗಳ ಕಪ್ಪು ಗೆರೆಗಳನ್ನಷ್ಟೇ ಮೇಲೆ ಬರೆದು ಸುಡುತ್ತಾರೆ. ತುಂಡುಗಳನ್ನು ಸೀಸದ ಪಟ್ಟಿಗಳು ಹಿಡಿದಿಡುತ್ತವೆ. ಸೂರ್ಯ ಮುಳುಗಿದರೆ ಒಳಗಿನವರಿಗೆ ಚಿತ್ರವೇ ಇಲ್ಲ.

ಇದಕ್ಕೆಲ್ಲ ವಿರೋಧವಿದ್ದುದು ಚರ್ಚಿನ ಒಳಗೇ. ವೈರಾಗ್ಯನಿಷ್ಠರಾದ ಸಿಸ್ಟರ್ಸಿಯನ್ ಸಂನ್ಯಾಸಿಗಳು ಹನ್ನೆರಡನೆಯ ಶತಮಾನದ ತಮ್ಮ ನಿಯಮಗಳಲ್ಲಿ ಕಿಟಕಿಗಳು ಬಿಳಿಯಾಗಿರಬೇಕು, ಶಿಲುಬೆ ಚಿತ್ರಗಳು ಕೂಡದು ಎಂದು ವಿಧಿಸಿದರು. ಆದರೆ ಅವರೂ ಬೆಳಕನ್ನು ತ್ಯಜಿಸಲಿಲ್ಲ. ಫ್ರಾನ್ಸಿನ ಒಬಾಜಿನ್ ಮಠದ ಬಣ್ಣವಿಲ್ಲದ ಹಳೆಯ ಕಿಟಕಿಗಳಲ್ಲಿ ಸೀಸದ ಪಟ್ಟಿಗಳೇ ಬಳ್ಳಿಯಂತೆ ಹೆಣೆದುಕೊಂಡಿವೆ. ಅಲ್ಲಿ ಓದಲು ಕಥೆಯೇನೂ ಇಲ್ಲ.