ಸಮುದಾಯ ಬಾನುಲಿಯಲ್ಲಿ ಮಹಿಳಾ ಸಂಗೀತ ಕಾರ್ಯಕ್ರಮ ನಡೆಸಿಕೊಡುವ ಕುರಿತು – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತೆಂಗಿನ ಸೀಮೆಯಲ್ಲಿ ಸೋಬಾನೆ ಪದ, ಬೀಸುವ ಪದ, ಜೋಗುಳ, ತತ್ವಪದ ಮತ್ತು ಭಜನೆಗಳನ್ನು ಬಾಯಿಪಾಠವಾಗಿ ಉಳಿಸಿಕೊಂಡು ಬಂದವರು ಬಹುತೇಕ ಮಹಿಳೆಯರು. ಇವರಲ್ಲಿ ಹೆಚ್ಚಿನವರು ವೇದಿಕೆ ಏರಿದವರಲ್ಲ. ಇವರ ಬಳಿ ಪ್ರಮಾಣಪತ್ರವಾಗಲಿ, ಪತ್ರಿಕಾ ವರದಿಯಾಗಲಿ ಇರುವುದಿಲ್ಲ. ಹಾಡು ಪ್ರಸಾರವಾದಾಗಲೂ "ಜನಪದ ಗೀತೆ" ಎಂದಷ್ಟೇ ಹೇಳಿ ಹಾಡಿದವರ ಹೆಸರನ್ನು ಕೈಬಿಡುವುದು ರೂಢಿಯಾಗಿದೆ. ಸಂಪಿಗೆ ಹಾಗೂ ಸುತ್ತಲಿನ ಗ್ರಾಮಗಳ ಸ್ವಸಹಾಯ ಸಂಘಗಳು, ಮಹಿಳಾ ಮಂಡಳಿಗಳು ಮತ್ತು ಆಸಕ್ತ ನಾಗರಿಕರು ಸಮುದಾಯ ಬಾನುಲಿಗಾಗಿ ಇಂತಹ ಕಾರ್ಯಕ್ರಮವನ್ನು ಸಿದ್ಧಪಡಿಸುವಾಗ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಸಮುದಾಯ ಬಾನುಲಿ ಎಂದರೇನು?

ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡಿತು. ತದನಂತರ 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೂ, 2006ರ ನೀತಿಯ ಮೂಲಕ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ಕೇಂದ್ರ ಸ್ಥಾಪಿಸಲು ಅವಕಾಶ ದೊರೆಯಿತು. ಪ್ರಸಾರ ಸಾಮರ್ಥ್ಯವು ಸಾಮಾನ್ಯವಾಗಿ 100 ವ್ಯಾಟ್‌ಗೆ ಸೀಮಿತವಾಗಿರುವುದರಿಂದ ಸುಮಾರು 10ರಿಂದ 15 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾತ್ರ ಕೇಳಿಸುತ್ತದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗವು ಸ್ಥಳೀಯ ಜನರ ಭಾಗವಹಿಸುವಿಕೆಯಿಂದ ಸಿದ್ಧವಾಗಿರಬೇಕು. ಕೇಂದ್ರದ ಸಲಹಾ ಮತ್ತು ಕಾರ್ಯಕ್ರಮ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕೆಂದು 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ವಿಧಿಸಲಾಗಿದೆ. ಆದ್ದರಿಂದ ಮಹಿಳಾ ಸಂಗೀತಕ್ಕೆ ಸಮಯ ಕೋರುವವರು ಸಂಕೋಚಪಡಬೇಕಾಗಿಲ್ಲ.

ಆಕಾಶವಾಣಿಯಲ್ಲಿ ಕಲಾವಿದರಾಗಿ ಹಾಡಲು ಧ್ವನಿ ಪರೀಕ್ಷೆ ಮತ್ತು ಶ್ರೇಣಿಯ ಪದ್ಧತಿ ಇದೆ. ಸಮುದಾಯ ಬಾನುಲಿಗೆ ಶ್ರೇಣಿ ಬೇಕಿಲ್ಲ. ಅಕ್ಷರ ಬಾರದವರೂ ಹಾಡಬಹುದು, ಮಾತನಾಡಬಹುದು, ಕಾರ್ಯಕ್ರಮ ನಡೆಸಿಕೊಡಬಹುದು.

3. ತೆಂಗಿನ ಸೀಮೆಯವರಿಗೆ ಇರುವ ಮಾರ್ಗಗಳು

ತುಮಕೂರಿನಲ್ಲಿ ರೇಡಿಯೋ ಸಿದ್ಧಾರ್ಥ ಎಂಬ ಸಮುದಾಯ ಬಾನುಲಿ ಸ್ಥಾಪನೆಯಾಗಿದೆ. ಆದರೆ ತಿಪಟೂರು ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿರುವುದರಿಂದ ಈ ಪ್ರಮಾಣದ ಕೇಂದ್ರದ ಪ್ರಸಾರ ಇಲ್ಲಿಗೆ ತಲುಪುವುದಿಲ್ಲ. ಹೀಗಾಗಿ ಕೆಳಕಂಡ ಮಾರ್ಗಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

(ಅ) ಗ್ರಾಮದಲ್ಲಿಯೇ ಧ್ವನಿಮುದ್ರಿಸಿ, ಕೇಂದ್ರದ ಒಪ್ಪಿಗೆ ಪಡೆದು ಪ್ರಸಾರಕ್ಕೆ ಕಳುಹಿಸುವುದು. ಅದೇ ಮುದ್ರಣವನ್ನು ಸಂಘದ ಸಭೆಯಲ್ಲಿ ಧ್ವನಿವರ್ಧಕದ ಮೂಲಕ ಕೇಳಿಸುವುದು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ "ನಮ್ಮ ಧ್ವನಿ" ಇದೇ ಬಗೆಯಲ್ಲಿ ಆರಂಭವಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಪ್ರಸಾರದ ಅನುಮತಿ ದೊರೆಯದಿದ್ದ 2006ಕ್ಕೂ ಮುಂಚಿನ ವರ್ಷಗಳಲ್ಲಿ ಅಲ್ಲಿನ ಸ್ವಸಹಾಯ ಸಂಘಗಳ ಮಹಿಳೆಯರು ಕಾರ್ಯಕ್ರಮಗಳನ್ನು ತಯಾರಿಸಿ ಸಭೆಗಳಲ್ಲಿ ಕೇಳಿಸುತ್ತಿದ್ದರು. ಬಳಿಕ ಕೇಬಲ್ ತಂತಿಯ ಮೂಲಕ ಮನೆಮನೆಗೆ ತಲುಪಿಸಿದರು.

(ಆ) ಅರ್ಹ ಸಂಸ್ಥೆಯೊಂದು ಸ್ವಂತ ಕೇಂದ್ರಕ್ಕೆ ಅರ್ಜಿ ಸಲ್ಲಿಸುವುದು. ಶಿಕ್ಷಣ ಸಂಸ್ಥೆಗಳು, ಕೃಷಿ ವಿಜ್ಞಾನ ಕೇಂದ್ರಗಳು ಹಾಗೂ ಕನಿಷ್ಠ 3 ವರ್ಷ ಸಮುದಾಯ ಸೇವೆ ಸಲ್ಲಿಸಿರುವ ನೋಂದಾಯಿತ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ಅರ್ಹವಾಗಿರುತ್ತವೆ. ವ್ಯಕ್ತಿಗಳು ಮತ್ತು ರಾಜಕೀಯ ಪಕ್ಷಗಳು ಅರ್ಹರಲ್ಲ. ಅನುಮತಿ ನೀಡುವ ಅಧಿಕಾರ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ್ದಾಗಿದ್ದು, ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗಳಲ್ಲಿ ಈ ಅರ್ಜಿಯನ್ನು ಸ್ವೀಕರಿಸಲಾಗುವುದಿಲ್ಲ.

4. ಕಾರ್ಯಕ್ರಮಕ್ಕೆ ವಿಷಯಗಳು

ಪ್ರತಿ ಕಂತಿನಲ್ಲಿಯೂ ನಾಡಿನ ಪರಿಚಿತ ಗಾಯಕಿಯೊಬ್ಬರನ್ನು ನೆನೆದು, ಆ ಬಳಿಕ ಸ್ಥಳೀಯ ಗಾಯಕಿಯನ್ನು ಪರಿಚಯಿಸುವುದು ಸೂಕ್ತ. ಉದಾಹರಣೆಗೆ:

– ಬೆಂಗಳೂರು ನಾಗರತ್ನಮ್ಮ (1878–1952). ನಂಜನಗೂಡಿನಲ್ಲಿ ಜನಿಸಿದ ಇವರು ತಮ್ಮ ಗಳಿಕೆಯಿಂದ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರವನ್ನು ಕಟ್ಟಿಸಿದರು. ಆರಾಧನೆಯಲ್ಲಿ ಮಹಿಳೆಯರಿಗೆ ಹಾಡಲು ಅವಕಾಶವಿಲ್ಲದಿದ್ದಾಗ ಮಹಿಳೆಯರದೇ ಪ್ರತ್ಯೇಕ ಆರಾಧನೆಯನ್ನು ನಡೆಸಿದರು.

– ಗಂಗೂಬಾಯಿ ಹಾನಗಲ್ (1913–2009). 1930ರ ದಶಕದಲ್ಲಿ ಇವರ ಮೊದಲ ಗ್ರಾಮಫೋನ್ ತಟ್ಟೆಗಳು ಹೊರಬಂದಾಗ ಅವುಗಳ ಮೇಲೆ ಇದ್ದುದು "ಗಾಂಧಾರಿ" ಎಂಬ ಹೆಸರು. 2002ರಲ್ಲಿ ಪದ್ಮವಿಭೂಷಣ ಪುರಸ್ಕೃತರಾದ ಗಾಯಕಿಯ ಆರಂಭದ ತಟ್ಟೆಗಳಲ್ಲಿ ಗಂಗೂಬಾಯಿ ಎಂಬ ಹೆಸರಿರಲಿಲ್ಲ ಎಂಬುದನ್ನು ಕೇಳುಗರಿಗೆ ತಿಳಿಸಬಹುದು.

– ಗುಬ್ಬಿ ಕಂಪನಿಯ ಬಿ. ಜಯಮ್ಮ. 1884ರಲ್ಲಿ ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಆರಂಭವಾದ ನಾಟಕ ಮಂಡಳಿಯಲ್ಲಿ ಗಾಯಕಿ ನಟಿಯಾಗಿ ಹೆಸರಾದವರು.

– ಸಿರಿಯಜ್ಜಿ. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿದ್ದು, ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದವರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ ಕಾರ್ಯಕ್ರಮ ಮಾಡುವವರಿಗೆ ಇದು ಒಳ್ಳೆಯ ಆರಂಭ.

– ಸುಕ್ರಿ ಬೊಮ್ಮಗೌಡ. ಅಂಕೋಲಾ ಸೀಮೆಯ ಹಾಲಕ್ಕಿ ಸಮುದಾಯದ ಈ ಹಾಡುಗಾರ್ತಿಗೆ 2017ರಲ್ಲಿ ಪದ್ಮಶ್ರೀ ಸಂದಿತು, 2025ರಲ್ಲಿ ನಿಧನರಾದರು.

5. ಹೆಸರು ಮತ್ತು ಒಪ್ಪಿಗೆ – ಕಡ್ಡಾಯವಾಗಿ ಗಮನಿಸಬೇಕಾದ ಅಂಶ

ಜನಪದ ಗೀತೆಗೆ ಕರ್ತೃವಿನ ಹೆಸರು ತಿಳಿಯದಿರಬಹುದು. ಹಾಡಿದವರಿಗೆ ಹೆಸರಿದ್ದೇ ಇರುತ್ತದೆ. ಕೃತಿಸ್ವಾಮ್ಯ ಅಧಿನಿಯಮ, 1957ರ 38ನೇ ಪ್ರಕರಣದನ್ವಯ ಹಾಡುಗಾರರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಇರುತ್ತದೆ. 2012ರ ತಿದ್ದುಪಡಿಯಿಂದ ತಮ್ಮ ಹೆಸರಿನಲ್ಲಿ ಗುರುತಿಸಲ್ಪಡುವ ಹಕ್ಕೂ ಪ್ರಾಪ್ತವಾಗಿದೆ. ಆದುದರಿಂದ:

(ಅ) ಧ್ವನಿಮುದ್ರಣಕ್ಕೆ ಮೊದಲು ಉದ್ದೇಶವನ್ನು ತಿಳಿಸಿ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಓದಲು ಬಾರದವರಿಗೆ ಒಪ್ಪಿಗೆ ಪತ್ರವನ್ನು ಸಾಕ್ಷಿಯ ಸಮಕ್ಷಮ ಓದಿ ಹೇಳಿ ಹೆಬ್ಬೆಟ್ಟಿನ ಗುರುತು ಪಡೆಯುವುದು. ಅವರು ಬಾಯಿಮಾತಿನಲ್ಲಿ ಒಪ್ಪಿದ್ದನ್ನೂ ಮುದ್ರಿಸಿಕೊಳ್ಳುವುದು ಒಳಿತು.

(ಆ) ಹಾಡಿನ ಮೊದಲೂ ಕೊನೆಯಲ್ಲೂ ಗಾಯಕಿಯ ಹೆಸರು, ಊರು ಹಾಗೂ ಹಾಡನ್ನು ಯಾರಿಂದ ಕಲಿತರೆಂಬುದನ್ನು ಹೇಳುವುದು. ಗುಂಪಿನಲ್ಲಿ ಹಾಡಿದ್ದರೆ ಸೊಲ್ಲೆತ್ತಿಕೊಟ್ಟವರ ಹೆಸರಿನೊಂದಿಗೆ ಉಳಿದವರ ಹೆಸರನ್ನೂ ಹೇಳುವುದು. "ಇಂಥವರ ಪತ್ನಿ", "ಇಂಥವರ ತಾಯಿ" ಎಂದಷ್ಟೇ ಪರಿಚಯಿಸಬಾರದು.

(ಇ) ಹೆಸರು ಬೇಡವೆಂದು ಅವರೇ ಹೇಳಿದಲ್ಲಿ ಅದನ್ನು ಗೌರವಿಸುವುದು. ಮನೆಯ ಇತರರು ಬೇಡವೆಂದರೆ ಅದು ಗಾಯಕಿಯ ಉತ್ತರವಲ್ಲ, ಅವರನ್ನೇ ಕೇಳತಕ್ಕದ್ದು.

6. ಧ್ವನಿಮುದ್ರಣದ ಕ್ರಮ

ಕಾಯಿ ಸುಲಿಯುವ, ಕೊಬ್ಬರಿ ಒಡೆಯುವ ದಿನಗಳಲ್ಲಿ ಕೆಲಸ ಮುಗಿದ ನಂತರದ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು. ಮೊಬೈಲ್ ದೂರವಾಣಿಯಲ್ಲಿ ಮುದ್ರಿಸುವುದಾದರೆ ಕರೆ ಬಾರದಂತೆ ಮಾಡಿ, ಬಾಯಿಂದ ಸುಮಾರು ಒಂದು ಗೇಣು ದೂರದಲ್ಲಿ, ನೇರವಾಗಿ ಉಸಿರು ತಾಗದಂತೆ ಹಿಡಿಯುವುದು. ಫ್ಯಾನು ಮತ್ತು ದೂರದರ್ಶನವನ್ನು ಆರಿಸುವುದು. ಬೀಸುವ ಪದಕ್ಕೆ ಬೀಸುವ ಕಲ್ಲಿನ ಸದ್ದು ಹಾಡಿನ ಭಾಗವೇ ಆಗಿರುವುದರಿಂದ ಅದನ್ನು ತಡೆಯಬೇಕಾಗಿಲ್ಲ. ಹಾಡು ಮುಗಿಯುವ ಮುನ್ನ ನಡುವೆ ಮಾತನಾಡಬಾರದು; ಅರ್ಥ ಮತ್ತು ಸಂದರ್ಭವನ್ನು ಅನಂತರ ಕೇಳುವುದು. ಕೆಲವು ಪದಗಳನ್ನು ಸಂದರ್ಭವಿಲ್ಲದೆ ಹಾಡಲು ಹಿರಿಯರು ಒಪ್ಪದಿರಬಹುದು; ಒತ್ತಾಯಿಸತಕ್ಕದ್ದಲ್ಲ. ಹಿರಿಯರನ್ನು ಊರಿನ ರೂಢಿಯಂತೆ ಅಮ್ಮ, ಅಜ್ಜಿ ಎಂದು ಕರೆದು ಬಹುವಚನದಲ್ಲಿಯೇ ಮಾತನಾಡಿಸುವುದು.

7. ಅರ್ಧ ಗಂಟೆಯ ಕಾರ್ಯಕ್ರಮದ ಮಾದರಿ ವಿಂಗಡಣೆ

ಆರಂಭ ಮತ್ತು ಪರಿಚಯ – 2 ನಿಮಿಷ
ಹಿರಿಯ ಗಾಯಕಿಯೊಬ್ಬರ ಸ್ಮರಣೆ – 5 ನಿಮಿಷ
ಸ್ಥಳೀಯ ಗಾಯಕಿಯ ಮಾತು – 7 ನಿಮಿಷ
ಅವರ ಹಾಡುಗಳು – 12 ನಿಮಿಷ
ಕೇಳುಗರ ಪತ್ರ ಮತ್ತು ಕರೆಗಳು – 3 ನಿಮಿಷ
ಹೆಸರುಗಳ ಪುನರುಚ್ಚಾರ, ಮುಕ್ತಾಯ – 1 ನಿಮಿಷ

8. ಪ್ರಸಾರ ನಿಯಮಗಳು

ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಮತ್ತು ಜಾಹೀರಾತು ಸಂಹಿತೆಗಳು ಸಮುದಾಯ ಬಾನುಲಿಗೂ ಅನ್ವಯಿಸುತ್ತವೆ. ಜಾತಿ, ಧರ್ಮ ಅಥವಾ ವ್ಯಕ್ತಿಯನ್ನು ನಿಂದಿಸುವ ಮಾತಿಗೂ ಹಾಡಿಗೂ ಅವಕಾಶವಿಲ್ಲ. ಚಿತ್ರಗೀತೆಗಳನ್ನು ಬಳಸುವ ಮುನ್ನ ಕೇಂದ್ರವು ಸಂಬಂಧಿಸಿದ ಪರವಾನಗಿ ಪಡೆದಿದೆಯೇ ಎಂದು ವಿಚಾರಿಸುವುದು. ವಚನ ಮತ್ತು ದಾಸರ ಪದಗಳ ಸಾಹಿತ್ಯಕ್ಕೆ ಕೃತಿಸ್ವಾಮ್ಯವಿಲ್ಲದಿದ್ದರೂ, ಬೇರೆಯವರು ಹಾಡಿದ ಧ್ವನಿಮುದ್ರಿಕೆಗೆ ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳ ಹಕ್ಕು ಇರುತ್ತದೆ.

9. ಪ್ರಸಾರದ ನಂತರ

ಪ್ರಸಾರವಾದ ಕಾರ್ಯಕ್ರಮಗಳನ್ನು ಕೇಂದ್ರವು 3 ತಿಂಗಳು ಕಾಯ್ದಿರಿಸಬೇಕೆಂದು 2006ರ ನೀತಿಯಲ್ಲಿ ವಿಧಿಸಲಾಗಿದೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗುವುದಕ್ಕೂ ಸಾಲದ ಈ ಅವಧಿಯನ್ನು ನೆಚ್ಚಿ ಕೂರಬಾರದು. ಒಂದು ಪ್ರತಿಯನ್ನು ಗಾಯಕಿಯ ಮನೆಗೂ, ಇನ್ನೊಂದನ್ನು ಸಂಘಕ್ಕೂ ಕೊಟ್ಟು, ದಿನಾಂಕ, ಹೆಸರು, ಊರು ಮತ್ತು ಹಾಡಿನ ಮೊದಲ ಸೊಲ್ಲನ್ನು ಪುಸ್ತಕದಲ್ಲಿ ನಮೂದಿಸತಕ್ಕದ್ದು.

ಹಾಡಿದ ಪ್ರತಿಯೊಬ್ಬರಿಗೂ ಪ್ರಸಾರದ ದಿನಾಂಕ ಮತ್ತು ಕಾರ್ಯಕ್ರಮದ ಹೆಸರುಳ್ಳ ಪತ್ರವನ್ನು ಕೇಂದ್ರದಿಂದ ಪಡೆದು ಕೊಡುವುದು ಅತ್ಯಗತ್ಯ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ವತಿಯಿಂದ ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಮಾಸಾಶನ ನೀಡಲಾಗುತ್ತಿದ್ದು, ಅರ್ಜಿಯೊಂದಿಗೆ ಕಲಾಸೇವೆಯ ದಾಖಲೆಗಳನ್ನು ಸಲ್ಲಿಸಬೇಕಾಗುತ್ತದೆ. ಜೀವಮಾನವಿಡೀ ಮದುವೆ ಮನೆಗಳಲ್ಲಿ ಸೋಬಾನೆ ಹಾಡಿದವರು ಇಲ್ಲಿಯೇ ಹಿಂದೆ ಬೀಳುತ್ತಾರೆ. ಪ್ರಸಾರದ ಪತ್ರವೊಂದರಿಂದಲೇ ಮಾಸಾಶನ ಮಂಜೂರಾಗುವುದಿಲ್ಲ. ಆದರೆ ಬರಿಗೈಯಲ್ಲಿ ಬರುವುದಕ್ಕಿಂತ ದಿನಾಂಕ ಮತ್ತು ಹೆಸರುಳ್ಳ ಒಂದು ದಾಖಲೆಯೊಡನೆ ಬರುವುದು ಲೇಸು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪುರುಷರು ಕಾರ್ಯಕ್ರಮ ನಡೆಸಿಕೊಡಬಹುದೇ?
ನಡೆಸಿಕೊಡಬಹುದು. ಆದರೆ ಗಾಯಕಿಯ ಪರವಾಗಿ ಉತ್ತರ ಹೇಳಬಾರದು.

ಹಾಡಲು ಶುಲ್ಕ ಕೊಡಬೇಕೇ?
ಪ್ರಸಾರಕ್ಕೆಂದು ಹಾಡುಗಾರ್ತಿಯರಿಂದ ಹಣ ಪಡೆಯತಕ್ಕದ್ದಲ್ಲ. ಸಂಘದ ಶಕ್ತ್ಯನುಸಾರ ಅವರಿಗೆ ಸಂಭಾವನೆ ಅಥವಾ ಪ್ರಯಾಣ ವೆಚ್ಚ ನೀಡುವುದು ಯುಕ್ತ.

ತಮ್ಮ ಹಾಡನ್ನು ಮರುಪ್ರಸಾರ ಮಾಡಬಾರದೆಂದು ಗಾಯಕಿ ನಂತರ ತಿಳಿಸಿದರೆ?
ಆ ಕೋರಿಕೆಯನ್ನು ಬರವಣಿಗೆಯಲ್ಲಿ ಕೇಂದ್ರಕ್ಕೆ ತಲುಪಿಸಿ, ಸ್ವೀಕೃತಿ ಪಡೆಯುವುದು.

ಮಾಸಾಶನದ ಬಗ್ಗೆ ಎಲ್ಲಿ ವಿಚಾರಿಸಬೇಕು?
ತುಮಕೂರಿನಲ್ಲಿರುವ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದು. ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.

ಊರಿನ ಹಿರಿಯ ಹಾಡುಗಾರ್ತಿಯರ ಹೆಸರುಗಳನ್ನು ಪಟ್ಟಿ ಮಾಡಿಕೊಂಡು, ವಯಸ್ಸಿನಲ್ಲಿ ಅತ್ಯಂತ ಹಿರಿಯರಿಂದಲೇ ಧ್ವನಿಮುದ್ರಣವನ್ನು ಆರಂಭಿಸುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.