ಬೈಲಾ ನಡೆದು ಬಂದ ದಾರಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಮಯದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಹೇಳಿದಾಗ, ಬೈಲಾ ಬಗ್ಗೆಯೇ ಬರೀತೇವೆ ಅಂದೆವು. ಸಾಲ, ಗೊಬ್ಬರ, ಬೀಜ ಇವುಗಳ ವಿಷಯ ಎಲ್ಲರಿಗೂ ಗೊತ್ತು. ಆದರೆ ಇವೆಲ್ಲ ಯಾವ ಕಾಗದದ ಮೇಲೆ ನಿಂತಾವೋ ಆ ಕಾಗದ ಓದಿದವರು ಕಡಿಮೆ. ಬರುವ ಸರ್ವಸಾಧಾರಣ ಸಭೆಯಲ್ಲಿ ಆ ಕಾಗದಕ್ಕೇ ತಿದ್ದುಪಡಿ ತರುವ ಠರಾವು ಬರಲಿದೆ. ಕೈ ಎತ್ತುವ ಮೊದಲು ಅದರ ಹಿಂದಿನ ಕಥೆ ತಿಳಿದಿರಬೇಕು. ನಾವು ಎಸ್.ಎಸ್.ಎಲ್.ಸಿ. ತನಕ ಓದಿದ ರೈತರು, ಕಾಯ್ದೆ ಪಂಡಿತರಲ್ಲ. ತಿಳಿದಷ್ಟನ್ನು ಸರಳವಾಗಿ ಹೇಳುತ್ತೇವೆ.

ಹೊಲಕ್ಕೆ ಬದು ಹ್ಯಾಂಗೋ ಸಂಘಕ್ಕೆ ಬೈಲಾ ಹಾಂಗ. ಯಾರು ಸದಸ್ಯರಾಗಬಹುದು, ಯಾವ ಊರು ಸಂಘದ ಕಾರ್ಯಕ್ಷೇತ್ರ, ಶೇರು ಎಷ್ಟು, ಸಾಲ ಯಾರಿಗೆ, ಲಾಭ ಹ್ಯಾಗೆ ಹಂಚಬೇಕು, ಇದೆಲ್ಲ ಅದರಲ್ಲಿ ಬರೆದಿರುತ್ತದೆ. ಬದು ಒಡೆದರೆ ನೀರು ಪಕ್ಕದವನ ಹೊಲಕ್ಕೆ ಹೋಗುತ್ತದೆ. ಬದುವನ್ನು ಎಂದೂ ಸರಿಪಡಿಸದಿದ್ದರೂ ಅದೇ ಗತಿ.

ಸದಸ್ಯರೇ ಕೂಡಿ ನಿಯಮ ಬರೆದುಕೊಳ್ಳುವ ಈ ಪದ್ಧತಿಗೆ ದೊಡ್ಡ ಹೆಸರು ತಂದವರು ಇಂಗ್ಲೆಂಡಿನ ರಾಕ್‌ಡೇಲ್ ಊರಿನ ನೇಕಾರರು ಮತ್ತು ಅವರ ಸಂಗಡಿಗರು. 1844ರಲ್ಲಿ ಅವರು ಒಂದು ಸಣ್ಣ ಅಂಗಡಿ ತೆರೆದರು. ಅಂಗಡಿಗಿಂತ ಅವರ ನಿಯಮಗಳೇ ಜಗತ್ತಿಗೆ ಹಬ್ಬಿದವು. ಶೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಇಂದಿಗೂ ಸಾವಕಾರನ ಕೈ ಮತ್ತು ಎರಡು ಎಕರೆಯವನ ಕೈ ನಮ್ಮ ಸಭೆಯಲ್ಲಿ ಸಮ ಆಗುವುದು ಇದೇ ನಿಯಮದಿಂದ.

ನಮ್ಮ ದೇಶದಲ್ಲಿ ಮೊದಲ ಸಹಕಾರಿ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, ಅಂದರೆ 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಕನ್ನಡ ನಾಡಿನ ಸಹಕಾರ ಚಳವಳಿ ಅಲ್ಲಿಂದಲೇ ಶುರು ಅಂತ ಲೆಕ್ಕ. ಆದರೆ ಗದಗ ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಬೀದರ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. ಇಲ್ಲಿ ಸಹಕಾರಿ ಕಾಯ್ದೆ ಬರಲು ಸುಮಾರು ಹತ್ತು ವರ್ಷ ತಡವಾಯಿತು. ಬಂದ ಮೇಲೂ ದಫ್ತರದ ಭಾಷೆ ಉರ್ದು. ಹೊಲದಲ್ಲಿ ಕನ್ನಡ, ಮರಾಠಿ, ತೆಲುಗು ಆಡುವ ರೈತ ತನಗೆ ಅನ್ವಯಿಸುವ ನಿಯಮವನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾಗಿತ್ತು. ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ರೂಢಿ ಇಂಥ ಕಾಲದ್ದು.

1948ರ ಸೆಪ್ಟೆಂಬರದಲ್ಲಿ ಹೈದರಾಬಾದ ಭಾರತಕ್ಕೆ ಸೇರಿತು. 1952ರಲ್ಲಿ ಹೈದರಾಬಾದ ರಾಜ್ಯಕ್ಕೆ ಹೊಸ ಸಹಕಾರಿ ಕಾಯ್ದೆ ಆಯಿತು. ಅದೇ ಹೊತ್ತಿಗೆ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂತು. ರೈತ ಮಾಡುವ ಸಾಲದಲ್ಲಿ ಸಹಕಾರಿ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ, ಲೇವಾದೇವಿಗಾರರ ಪಾಲು ನೂರಕ್ಕೆ ಎಪ್ಪತ್ತರಷ್ಟು ಎಂದು ಆ ವರದಿ ತೋರಿಸಿತು. ಐವತ್ತು ವರ್ಷ ಸಂಘಗಳು ಇದ್ದೂ ರೈತ ಸಾವಕಾರನ ಬಾಗಿಲಲ್ಲೇ ನಿಂತಿದ್ದ.

1956ರ ನವೆಂಬರ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂತು. ಆಗ ರಾಜ್ಯದೊಳಗೆ ಒಂದಲ್ಲ, ಐದು ಸಹಕಾರಿ ಕಾಯ್ದೆ ಇದ್ದವು. ಮುಂಬಯಿ ಭಾಗಕ್ಕೆ ಒಂದು, ಮದ್ರಾಸ ಭಾಗಕ್ಕೆ ಒಂದು, ಹಳೆ ಮೈಸೂರಿಗೆ ಒಂದು, ಕೊಡಗಿಗೆ ಒಂದು, ನಮ್ಮ ಹೈದರಾಬಾದ ಭಾಗಕ್ಕೆ ಒಂದು. ಇವನ್ನೆಲ್ಲ ತೆಗೆದು 1959ರಲ್ಲಿ ಒಂದೇ ಕಾಯ್ದೆ ಮಾಡಿದರು. ಅದು 1960ರ ಜೂನ 1ರಿಂದ ಜಾರಿಯಾಯಿತು. ಎಷ್ಟೋ ಸಲ ತಿದ್ದುಪಡಿಯಾಗಿ ಅದೇ ಕಾಯ್ದೆ ಇಂದಿಗೂ ನಡೆದಿದೆ.

ಈ ಕಾಯ್ದೆಯ 12ನೇ ಕಲಮು ಬೈಲಾ ತಿದ್ದುಪಡಿಗೆ ಸಂಬಂಧಿಸಿದ್ದು. ಅದರ ತಿರುಳು ಇಷ್ಟೆ. ಆಡಳಿತ ಮಂಡಳಿ ತಿದ್ದುಪಡಿ ಸೂಚಿಸಬಹುದು, ಆದರೆ ಮಂಜೂರ ಮಾಡುವವರು ಸದಸ್ಯರು. ಸಭೆಯಲ್ಲಿ ಠರಾವು ಪಾಸಾದ ಮೇಲೆ ಅದು ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ ಹೋಗಬೇಕು. ಕಾಯ್ದೆಗೆ ವಿರುದ್ಧ ಇಲ್ಲವೆಂದು ನೋಡಿ ಅವರು ನೋಂದಣಿ ಮಾಡಿದ ಮೇಲೆಯೇ ಅದಕ್ಕೆ ಬೆಲೆ. ಇನ್ನೊಂದು ಮಾತು, ಮತವನ್ನು ಸದಸ್ಯ ತಾನೇ ಬಂದು ಹಾಕಬೇಕು. "ನಮ್ಮ ಅಣ್ಣನ ಕೈನೂ ನಾನೇ ಎತ್ತತೀನಿ" ಅಂದರೆ ನಡೆಯೋದಿಲ್ಲ.

ಸಂವಿಧಾನದಲ್ಲಿಯೂ ಸಹಕಾರಕ್ಕೆ ಜಾಗ ಸಿಕ್ಕಿತು. 97ನೇ ತಿದ್ದುಪಡಿ 2012ರ ಫೆಬ್ರವರಿ 15ರಿಂದ ಜಾರಿಗೆ ಬಂದು, ಸಹಕಾರಿ ಸಂಘ ಕಟ್ಟುವುದು ನಾಗರಿಕರ ಮೂಲಭೂತ ಹಕ್ಕು ಎಂದಾಯಿತು. ಮಂಡಳಿಗೆ ಐದು ವರ್ಷದ ಅವಧಿ, ಮಹಿಳೆಯರಿಗೆ ಎರಡು ಮತ್ತು ಪರಿಶಿಷ್ಟರಿಗೆ ಒಂದು ಸ್ಥಾನ ಎಂಬ ಮಾತೂ ಅದರಲ್ಲಿತ್ತು. ಆದರೆ ಸಹಕಾರ ರಾಜ್ಯಗಳ ವಿಷಯ. ರಾಜ್ಯಗಳ ಒಪ್ಪಿಗೆ ಪಡೆಯದೆ ಇಂಥ ವಿವರ ಸೇರಿಸಿದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟು 2021ರ ಜುಲೈ 20ರಂದು, ಒಂದೇ ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಆ ಭಾಗವನ್ನು ರದ್ದುಮಾಡಿತು. ಮೂಲಭೂತ ಹಕ್ಕು ಮಾತ್ರ ಉಳಿದಿದೆ. ನೋಡಿರಿ, ನಿಯಮ ಒಳ್ಳೆಯದೇ ಇರಲಿ, ಕೇಳಬೇಕಾದವರನ್ನು ಕೇಳದೆ ಮಾಡಿದರೆ ದಿಲ್ಲಿಯಲ್ಲೂ ನಿಲ್ಲೋದಿಲ್ಲ. ನಮ್ಮ ಸಂಘದಲ್ಲಿ ನಿಂತೀತೇ?

2023ರ ಜನವರಿಯಲ್ಲಿ ಕೇಂದ್ರದ ಸಹಕಾರ ಮಂತ್ರಾಲಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಮಾದರಿ ಬೈಲಾ ಕಳಿಸಿತು. ಸಾಲದ ಸಂಗಡ ಗೋದಾಮು, ಹೈನು, ಯಂತ್ರಗಳ ಬಾಡಿಗೆ ಮುಂತಾದ 25ಕ್ಕೂ ಹೆಚ್ಚು ಉದ್ಯೋಗ ಮಾಡಲು ಅದರಲ್ಲಿ ದಾರಿ ಇದೆ. ಮಹಿಳೆಯರು, ಪರಿಶಿಷ್ಟರು ಹೆಚ್ಚು ಸೇರಬೇಕೆಂಬುದೂ ಇದೆ. ಮಾದರಿ ಅಂದರೆ ಮಾದರಿ. ಅಂಗಿಯ ಅಳತೆ ನಮ್ಮ ಮೈಗೆ ನಾವೇ ನೋಡಬೇಕು.

ಈಗ ನಮ್ಮ ಮೈಲೂರಿಗೆ ಬರೋಣ. ಊರು ಬೀದರ ಶಹರಕ್ಕೆ ಹತ್ತಿಕೊಂಡಿದೆ. ತೊಗರಿ, ಉದ್ದು ಬೆಳೆದ ಹೊಲದಲ್ಲಿ ಪ್ಲಾಟು ಎದ್ದಾವ. ಹೊಲ ಮಾರಿದವರ ಹೆಸರು ಸದಸ್ಯರ ಪಟ್ಟಿಯಲ್ಲಿ ಹಾಗೇ ಇದೆ. ಪಾಲಿಗೆ, ಲಾವಣಿಗೆ ಹೊಲ ಮಾಡುವವರ ಹೆಸರು ಪಹಣಿಯಲ್ಲೂ ಇಲ್ಲ, ನಮ್ಮ ಪಟ್ಟಿಯಲ್ಲೂ ಇಲ್ಲ. ಕಳೆ ತೆಗೆದು ರಾಶಿ ಮಾಡುವ ಅವ್ವ ಅಕ್ಕಂದಿರ ಹೆಸರಲ್ಲಿ ಹೊಲ ಇರುವುದು ಅಪರೂಪ, ಆದ್ದರಿಂದ ಅವರಿಗೆ ಮತವೂ ಅಪರೂಪ. ನಮ್ಮ ಜಿಲ್ಲೆಯ ಡಿ.ಸಿ.ಸಿ. ಬ್ಯಾಂಕು ಸ್ವಸಹಾಯ ಗುಂಪುಗಳಿಗೆ ಸಾಲ ಕೊಟ್ಟು ದೇಶದಲ್ಲೇ ಹೆಸರು ಮಾಡಿತು. ಸಾಲ ತಿರುಗಿ ಕಟ್ಟುವುದರಲ್ಲಿ ಹೆಣ್ಣುಮಕ್ಕಳು ಹಿಂದೆ ಬೀಳುವುದಿಲ್ಲ ಎಂಬುದನ್ನು ಊರೂರು ಕಂಡಿದೆ. ಸಾಲಕ್ಕೆ ಬೇಕಾದವರು ಸಭೆಗೆ ಬೇಡವೇ?

ಹಳೆಯ ಸದಸ್ಯರ ಅಂಜಿಕೆ ನಮಗೆ ತಿಳಿಯುತ್ತದೆ. ಬಾಗಿಲು ಪೂರಾ ತೆರೆದರೆ ಶಹರದ ಮಂದಿ ಒಮ್ಮೆಲೆ ಶೇರು ತಗೊಂಡು ಸಂಘವನ್ನೇ ಕೈಗೆ ತಗೋತಾರೆ ಅನ್ನುತ್ತಾರೆ. ಇದು ಸುಳ್ಳು ಅಂಜಿಕೆ ಅಲ್ಲ. ಅದಕ್ಕೇ ಕಾರ್ಯಕ್ಷೇತ್ರದ ಮಾತು ಬೇರೆ, ಸದಸ್ಯತ್ವದ ಮಾತು ಬೇರೆ ಮಾಡಿ, ಒಂದೊಂದೇ ಕಲಮಿಗೆ ಬೇರೆ ಬೇರೆ ಮತ ತೆಗೆದುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಕ್ಷೇತ್ರ ಹಿಗ್ಗಿಸದೆಯೂ ಊರೊಳಗೆ ದುಡಿಯುವವರನ್ನು ಸೇರಿಸಿಕೊಳ್ಳಬಹುದು. ಎಲ್ಲ ಕಟ್ಟಿ ಒಂದೇ ಗಂಟು ಮಾಡಿ "ಮಂಜೂರ, ಮಂಜೂರ" ಅನ್ನುವುದು ಬೇಡ. ಕರಡು ಕನ್ನಡದಲ್ಲಿ ಮೊದಲೇ ಎಲ್ಲರ ಕೈಗೆ ಸಿಗಲಿ. ಓದಲು ಬಾರದವರಿಗೆ ಓಣಿಯಲ್ಲಿ ಕೂತು ಓದಿ ಹೇಳೋಣ. ಹಳೆಯ ಮಾತು ಎಡಕ್ಕೆ, ಹೊಸ ಮಾತು ಬಲಕ್ಕೆ ಬರೆದರೆ ಏನು ಬದಲಾಗುತ್ತದೆ ಎಂಬುದು ಯಾರಿಗೂ ತಿಳಿಯುತ್ತದೆ.

ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ 12ನೇ ಶತಮಾನದಲ್ಲೇ ಕಾಯಕದವರೆಲ್ಲ ಕೂತು ಮಾತಾಡಿದರು. ಆ ಮಣ್ಣಿನವರು ನಾವು, ಸಭೆಯಲ್ಲಿ ಸುಮ್ಮನೆ ಕೂಡುವವರಲ್ಲ. ಬೇಕಾದವರು ಬೇಕು ಅನ್ನಲಿ, ಬೇಡಾದವರು ಎದ್ದು ನಿಂತು ಬೇಡ ಅನ್ನಲಿ, ಎರಡೂ ಠರಾವು ಪುಸ್ತಕದಲ್ಲಿ ದಾಖಲಾಗಲಿ. ಹಾಗೆ ಆದ ಬೈಲಾ ಮುಂದಿನ ಇಪ್ಪತ್ತೈದು ವರ್ಷ ನಮ್ಮ ಮಕ್ಕಳನ್ನು ಕಾಯುತ್ತದೆ. ಸದಸ್ಯರೆಲ್ಲರೂ ತಪ್ಪದೆ ಸಭೆಗೆ ಬರಬೇಕೆಂದು ವಿನಂತಿ.

ಜೈ ಸಹಕಾರ.